ಗುಂಡಿನ ದಾಳಿಯ ನಕ್ಷೆಗೆ ಕ್ಯೂಜಿಐಎಸ್: ವಿಜಯಪುರದ ಓಣಿಗಳಿಗೆ ಹಚ್ಚಿ ನೋಡಿದಾಗ

ಊರಿನ ಯಾವ ಓಣಿಯಲ್ಲಿ, ಯಾವ ಕ್ರಾಸಿನಲ್ಲಿ, ಯಾವ ಹೊತ್ತಿಗೆ ಗುಂಡು ಹಾರಿದೆ ಎಂಬುದನ್ನು ನಕ್ಷೆಯ ಮೇಲೆ ಕೂರಿಸಬೇಕಿದ್ದರೆ ಕ್ಯೂಜಿಐಎಸ್ ಬಿಟ್ಟು ಬೇರೆ ಸಾಫ್ಟ್‌ವೇರ್ ಹುಡುಕುವ ಗರಜು ಇಲ್ಲ. ಪುಕ್ಕಟೆ ಸಿಗುತ್ತದೆ, ಕನ್ನಡ ಅಕ್ಷರಕ್ಕೆ ಒಗ್ಗುತ್ತದೆ, 8 ಜಿಬಿ ರ‍್ಯಾಮ್ ಇರುವ ಹಳೇ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಐದಕ್ಕೆ ನಾಲ್ಕು ಅಂಕ. ಕಳೆದ ಒಂದು ಅಂಕ ಹೀಟ್‌ಮ್ಯಾಪ್‌ನ (ಘಟನೆ ದಟ್ಟವಿದ್ದಲ್ಲಿ ಕೆಂಪು ಬಳಿಯುವ ನಕ್ಷೆಯ) ಲೆಕ್ಕಕ್ಕೆ: ಘಟನೆ ಮೂರಿದ್ದರೂ ಮುನ್ನೂರಿದ್ದರೂ ಅದು ಬಳಿಯುವ ಕೆಂಪು ಒಂದೇ. ಇದು ಗೊತ್ತಿಲ್ಲದೆ ಮಾಡಿದ ನಕ್ಷೆ ವಾಟ್ಸ್ಯಾಪ್‌ಗೆ ಬಿತ್ತೆಂದರೆ ಒಂದು ಓಣಿಯ ಹೆಸರು ಕೆಡಲು ಒಂದು ಸಂಜೆ ಸಾಕು.

ವಿಜಯಪುರ ಜಿಲ್ಲೆಯ ವರದಿಗಳಲ್ಲಿ ಭೀಮಾ ತೀರ ಮತ್ತು ನಾಡ ಪಿಸ್ತೂಲು ಎಂಬ ಎರಡು ಮಾತು ಜೋಡಿಯಾಗಿಯೇ ಬರುತ್ತವೆ. ಆದರೆ ನಗರದೊಳಗೆ ಯಾವ ಭಾಗದಲ್ಲಿ ಎಷ್ಟು ಎಂದು ಕೇಳಿದರೆ ಬಾಯಿಮಾತಿನ ಅಂದಾಜೇ ಉತ್ತರ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಅಂಕಿಅಂಶ ಜಿಲ್ಲೆಯ ಮಟ್ಟಕ್ಕೆ ನಿಲ್ಲುತ್ತದೆ, ಓಣಿಗೆ ಇಳಿಯುವುದಿಲ್ಲ. ಹಾಗಾಗಿ ಭೂಗೋಳದ ವಿದ್ಯಾರ್ಥಿ, ಜಿಲ್ಲಾ ವರದಿಗಾರ, ಠಾಣೆಯ ಕಂಪ್ಯೂಟರಿನ ಮುಂದೆ ಕೂರುವ ಸಿಬ್ಬಂದಿ ಇಂಥವರು ತಾವೇ ನಕ್ಷೆ ಮಾಡಲು ಕೂತರೆ ಈ ಸಾಫ್ಟ್‌ವೇರ್ ಎಲ್ಲಿ ಕೈಹಿಡಿಯುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದಷ್ಟೇ ಇಲ್ಲಿನ ವಿಷಯ.

ಇನ್‌ಸ್ಟಾಲ್ ಮಾಡುವ ಬಗ್ಗೆ ಹೆಚ್ಚು ಹೇಳುವುದಿಲ್ಲ. ಡೌನ್‌ಲೋಡ್ ಪುಟದಲ್ಲಿ ಎರಡು ಆವೃತ್ತಿ ಇರುತ್ತವೆ. 'ಲಾಂಗ್ ಟರ್ಮ್' ಎಂದಿರುವುದನ್ನೇ ಆರಿಸಿ. ಹೊಸದರಲ್ಲಿ ಸೌಲಭ್ಯ ಜಾಸ್ತಿ, ಪ್ಲಗಿನ್ (ಹೊರಗಿನಿಂದ ಸೇರಿಸಿಕೊಳ್ಳುವ ಉಪಕರಣ) ಮುರಿಯುವುದೂ ಜಾಸ್ತಿ. ವಿಂಡೋಸ್ ಫೈಲ್ ಒಂದು ಜಿಬಿ ದಾಟುತ್ತದೆ, ಮೊಬೈಲ್ ಹಾಟ್‌ಸ್ಪಾಟ್ ನೆಚ್ಚಿ ಕೂರಬೇಡಿ.

ಮೊದಲು ನ್ಯೂಯಾರ್ಕಿನ ದತ್ತಾಂಶದ ಮೇಲೆ ಕೈ ಪಳಗಿಸಿ

ನಮ್ಮ ಊರಿನ ಅರೆಬರೆ ಪಟ್ಟಿಯ ಮೇಲೆ ಕಲಿಯಲು ಹೋದರೆ ತಪ್ಪು ಸಾಫ್ಟ್‌ವೇರ್‌ನದೋ ಪಟ್ಟಿಯದೋ ತಿಳಿಯುವುದಿಲ್ಲ. ನ್ಯೂಯಾರ್ಕ್ ಪೊಲೀಸರು 2006ರಿಂದ ಈಚಿನ ಪ್ರತಿ ಗುಂಡಿನ ದಾಳಿಯ ದಾಖಲೆಯನ್ನು ನಗರದ ಮುಕ್ತ ದತ್ತಾಂಶ ತಾಣದಲ್ಲಿ ಇಟ್ಟಿದ್ದಾರೆ. 28 ಸಾವಿರಕ್ಕೂ ಹೆಚ್ಚು ಸಾಲು, ತಾರೀಖು, ವೇಳೆ, ಠಾಣಾ ವ್ಯಾಪ್ತಿ, ಗಾಯಾಳುವಿನ ವಯೋಮಾನ, ಸತ್ತರೋ ಬದುಕಿದರೋ, ಅಕ್ಷಾಂಶ ರೇಖಾಂಶ ಎಲ್ಲ ಇದೆ. ಫಿಲಡೆಲ್ಫಿಯಾ ನಗರದ್ದೂ ಹೀಗೇ 2015ರಿಂದ ಸಿಗುತ್ತದೆ. ಅದರಲ್ಲಿ ಪೊಲೀಸರೇ ಗುಂಡು ಹಾರಿಸಿದ್ದೋ ಎಂಬುದಕ್ಕೆ ಬೇರೆ ಕಾಲಂ ಇದೆ. ಈ ಕಾಲಂ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಫೈಲನ್ನು 'ಡಿಲಿಮಿಟೆಡ್ ಟೆಕ್ಸ್ಟ್ ಲೇಯರ್' ಆಗಿ, ಅಂದರೆ ಪಟ್ಟಿಯಿಂದ ಮಾಡಿದ ನಕ್ಷೆಯ ಒಂದು ಪದರವಾಗಿ, ಒಳಗೆ ತನ್ನಿ. ಹೊಸಬರು ಇಲ್ಲಿ ಎರಡು ಕಡೆ ಎಡವುತ್ತಾರೆ. ಒಂದು, ನ್ಯೂಯಾರ್ಕಿನ ಪಟ್ಟಿಯಲ್ಲಿ ಒಂದು ಸಾಲು ಎಂದರೆ ಒಬ್ಬ ಗಾಯಾಳು. ಒಂದೇ ದಾಳಿಯಲ್ಲಿ ನಾಲ್ವರಿಗೆ ಗುಂಡು ತಗುಲಿದ್ದರೆ ನಾಲ್ಕು ಸಾಲು, ನಾಲ್ಕಕ್ಕೂ ಒಂದೇ ಘಟನಾ ಸಂಖ್ಯೆ. ಘಟನೆ ಎಣಿಸಬೇಕೆಂದರೆ ಪ್ರೊಸೆಸಿಂಗ್ ಟೂಲ್‌ಬಾಕ್ಸಿನಲ್ಲಿ 'ಡಿಲೀಟ್ ಡೂಪ್ಲಿಕೇಟ್ಸ್ ಬೈ ಆ್ಯಟ್ರಿಬ್ಯೂಟ್' ತೆರೆದು ಘಟನಾ ಸಂಖ್ಯೆಯ ಕಾಲಂ ಕೊಡಿ. ಗಾಯಾಳುಗಳನ್ನು ಎಣಿಸುವುದಾದರೆ ಹಾಗೇ ಬಿಡಿ. ಯಾವುದೇ ಆಗಲಿ, ನಕ್ಷೆಯ ಕೆಳಗೆ ಬರೆಯಿರಿ. ಎರಡು, ಆ ಪಟ್ಟಿಯಲ್ಲಿ ಸ್ಥಳ ಸೂಚಿಸುವ ಕಾಲಂಗಳು ಎರಡು ಜೊತೆ ಇವೆ. ಒಂದು ಜೊತೆ ಡಿಗ್ರಿಯಲ್ಲಿ, ಇನ್ನೊಂದು ಅಲ್ಲಿನ ರಾಜ್ಯದ ಅಳತೆಯಲ್ಲಿ, ಅಂದರೆ ಫೂಟಿನಲ್ಲಿ. ಫೂಟಿನ ಜೊತೆಯನ್ನು ಇಪಿಎಸ್‌ಜಿ 2263 (ಆ ಅಳತೆ ಪದ್ಧತಿಯ ಸಂಕೇತ ಸಂಖ್ಯೆ) ಎಂದು ಹೇಳಿ ತಂದು, ಆಮೇಲೆ ಹೀಟ್‌ಮ್ಯಾಪಿನ ತ್ರಿಜ್ಯ 300 ಎಂದು ಕೊಟ್ಟರೆ ಅದು 300 ಮೀಟರ್ ಆಗುವುದಿಲ್ಲ, 91 ಮೀಟರ್ ಆಗುತ್ತದೆ. ನಕ್ಷೆ ಚುಕ್ಕಿಚುಕ್ಕಿಯಾಗಿ ಕಂಡು 'ದಾಳಿ ಎಲ್ಲ ಕಡೆ ಚದುರಿದೆ' ಎಂಬ ತಪ್ಪು ತೀರ್ಮಾನ ಹುಟ್ಟುತ್ತದೆ.

ಇನ್ನೊಂದು ಮಾತು. ನ್ಯೂಯಾರ್ಕ್ ತನ್ನ ಬಿಂದುಗಳನ್ನು ರಸ್ತೆತುಂಡಿನ ನಡುಮಧ್ಯಕ್ಕೆ ಸರಿಸಿ ಕೊಡುತ್ತದೆ, ಯಾರ ಮನೆ ಬಾಗಿಲಿನ ಮೇಲೂ ಇಡುವುದಿಲ್ಲ. ಫಿಲಡೆಲ್ಫಿಯಾ ಮನೆ ಸಂಖ್ಯೆ ಬಿಟ್ಟು ಅದು ಬರುವ ನೂರರ ಬ್ಲಾಕಿನ ಹೆಸರಷ್ಟೇ ಹೇಳುತ್ತದೆ. ಒಂದೇ ಜಾಗದಲ್ಲಿ ಹತ್ತು ಬಿಂದು ಒಂದರ ಮೇಲೊಂದು ಕೂತು ಒಂದೇ ಚುಕ್ಕಿಯಂತೆ ಕಾಣುವುದು ಇದರಿಂದ. ಸಿಂಬಾಲಜಿಯಲ್ಲಿ (ಬಿಂದು ಹೇಗೆ ಕಾಣಬೇಕೆಂದು ಆರಿಸುವ ಪುಟ) 'ಪಾಯಿಂಟ್ ಡಿಸ್‌ಪ್ಲೇಸ್‌ಮೆಂಟ್' ಆರಿಸಿದರೆ ಹತ್ತೂ ಸುತ್ತಲೂ ಉಂಗುರದಂತೆ ಬಿಡಿಸಿಕೊಳ್ಳುತ್ತವೆ.

ನಮ್ಮ ಪಟ್ಟಿ ಮಾಡುವಾಗ

ಎಫ್‌ಐಆರ್‌ಗಳನ್ನು ಜಾಲತಾಣದಲ್ಲಿ ಹಾಕಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲೇ ಹೇಳಿದೆ, ಸೂಕ್ಷ್ಮ ಪ್ರಕರಣ ಹೊರತು. ಹುಡುಕುವಾಗ ಕಲಂ ನೋಡಿ ಹೆಕ್ಕುವುದು ರೂಢಿ, ಅಲ್ಲೇ ಗೊಂದಲ ಶುರು. 2024ರ ಜೂನ್ 30ರವರೆಗಿನ ಕೊಲೆ ಐಪಿಸಿ 302, ಕೊಲೆ ಯತ್ನ 307. ಜುಲೈ 1ರಿಂದ ಅವೇ ಭಾರತೀಯ ನ್ಯಾಯ ಸಂಹಿತೆಯ 103 ಮತ್ತು 109. ಇದನ್ನು ಮರೆತರೆ 2024ರ ಮಧ್ಯದಿಂದ ಊರಿನಲ್ಲಿ ಒಮ್ಮೆಲೇ ಶಾಂತಿ ನೆಲೆಸಿದಂತೆ ನಕ್ಷೆ ತೋರಿಸುತ್ತದೆ.

ಶಸ್ತ್ರಾಸ್ತ್ರ ಕಾಯ್ದೆ 1959ರ ಕೇಸುಗಳನ್ನೆಲ್ಲ ಗುಂಡಿನ ಕೇಸು ಎಂದು ಸುರಿಯುವುದು ಅದಕ್ಕಿಂತ ದೊಡ್ಡ ತಪ್ಪು. ಆ ಕಾಯ್ದೆಯಲ್ಲಿ ತಲವಾರೂ ಬರುತ್ತದೆ. ಹುಟ್ಟುಹಬ್ಬಕ್ಕೆ ತಲವಾರಿನಿಂದ ಕೇಕ್ ಕೊಯ್ದು ಸ್ಟೇಟಸ್ ಹಾಕಿದ ಹುಡುಗನ ಮೇಲೂ ಅದೇ ಕಾಯ್ದೆ. ಕಲಂ 25 ಬಹುಮಟ್ಟಿಗೆ ಅಕ್ರಮವಾಗಿ ಇಟ್ಟುಕೊಂಡದ್ದು, ಮಾಡಿದ್ದು, ಮಾರಿದ್ದರ ಬಗ್ಗೆ. ಬಳಸಿದ್ದಕ್ಕೆ ಕಲಂ 27. 2019ರ ತಿದ್ದುಪಡಿಯ ನಂತರ ಮದುವೆ ಮೆರವಣಿಗೆಯಲ್ಲಿ ಗಾಳಿಯಲ್ಲಿ ಗುಂಡು ಹಾರಿಸುವಂಥದ್ದು 25ರ ಒಂಬತ್ತನೇ ಉಪಕಲಂ ಅಡಿ ಬರುತ್ತದೆ. ಪಿಸ್ತೂಲು, ಜೀವಂತ ಗುಂಡು ವಶಪಡಿಸಿಕೊಂಡ ಕೇಸುಗಳ ನಕ್ಷೆ ಮಾಡಿದರೆ ಅದು ಪೊಲೀಸರು ಎಲ್ಲಿ ಹುಡುಕಿದರು ಎಂಬುದರ ನಕ್ಷೆ. ಬಸ್ ಸ್ಟ್ಯಾಂಡು, ಬೈಪಾಸಿನ ಧಾಬಾ, ಚೆಕ್‌ಪೋಸ್ಟುಗಳಲ್ಲಿ ಅದು ದಟ್ಟವಾಗುತ್ತದೆ. ಅದನ್ನೂ ಮಾಡಿ, ಬೇರೆ ಲೇಯರಿನಲ್ಲಿ ಮಾಡಿ.

ಕಾಲಂಗಳು ಹೀಗಿರಲಿ: ಠಾಣೆ, ಅಪರಾಧ ಸಂಖ್ಯೆ, ತಾರೀಖು, ವೇಳೆ, ಗುಂಡು ಹಾರಿತೋ ತೋರಿಸಿ ಬೆದರಿಸಿದ್ದಷ್ಟೇನೋ, ಗಾಯಾಳು ಎಷ್ಟು, ಸಾವು ಎಷ್ಟು, ಹಾರಿಸಿದವರು ಪೊಲೀಸರೋ, ಸ್ಥಳ ಬರೆದಿದ್ದು ಬರೆದ ಹಾಗೆ, ಅಕ್ಷಾಂಶ, ರೇಖಾಂಶ, ನಿಖರತೆಯ ದರ್ಜೆ. ಪೊಲೀಸರ ಕಾಲಂ ಯಾಕೆಂದರೆ ಆರೋಪಿಯ ಕಾಲಿಗೆ ಗುಂಡು ಹಾರಿಸಿ ಹಿಡಿದ ಪ್ರಕರಣಗಳು ಸಾಮಾನ್ಯವಾಗಿ ಊರಾಚೆಯವು. ಅವನ್ನು ಸೇರಿಸಿದರೆ ಹೊರವಲಯ ಸುಮ್ಮಸುಮ್ಮನೆ ಕೆಂಪಾಗುತ್ತದೆ. ತಾರೀಖನ್ನು 2024-07-04 ಎಂದೇ ಹೊಡೆಯಿರಿ. 04/07/2024 ಎಂದು ಹೊಡೆದರೆ ಎಕ್ಸೆಲ್ ಕೆಲವು ಕಂಪ್ಯೂಟರಿನಲ್ಲಿ ಅದನ್ನು ಏಪ್ರಿಲ್ ಏಳು ಮಾಡಿಬಿಡುತ್ತದೆ, ಟೆಂಪೊರಲ್ ಕಂಟ್ರೋಲರ್ ಹಚ್ಚಿ ತಿಂಗಳುವಾರು ಓಡಿಸಿದಾಗ ಘಟನೆಗಳು ಹಿಂದುಮುಂದಾಗುತ್ತವೆ.

ನುಡಿ, ಬರಹದ ಹಳೇ ಫಾಂಟಿನಲ್ಲಿ ಹೊಡೆದ ಪಟ್ಟಿ ಸಿಕ್ಕರೆ ಮೊದಲು ಯೂನಿಕೋಡಿಗೆ ಪರಿವರ್ತಿಸಿ. ಇಲ್ಲವಾದರೆ ಕ್ಯೂಜಿಐಎಸ್‌ನಲ್ಲಿ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಕಾಣುತ್ತದೆ. ಎಕ್ಸೆಲ್‌ನಿಂದ ಉಳಿಸುವಾಗ ಬರೀ ಸಿಎಸ್‌ವಿ ಬೇಡ, 'ಸಿಎಸ್‌ವಿ ಯುಟಿಎಫ್-8' ಇರಲಿ. ತಪ್ಪಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಯಾಗಿ ಹೋಗುತ್ತದೆ, ಹೋದದ್ದು ಮರಳಿ ಬರುವುದಿಲ್ಲ.

ವಿಳಾಸದಿಂದ ಬಿಂದುವಿಗೆ

ಒಟ್ಟು ಕೆಲಸದ ಮುಕ್ಕಾಲು ಪಾಲು ಇಲ್ಲೇ ಇದೆ, ಮತ್ತು ಇಲ್ಲಿ ಸಾಫ್ಟ್‌ವೇರ್ ಅಷ್ಟಾಗಿ ನೆರವಿಗೆ ಬರುವುದಿಲ್ಲ.

ಎಫ್‌ಐಆರ್‌ನ ಒಂದು ಕಾಲಂ ಕೃತ್ಯ ನಡೆದ ಸ್ಥಳದ್ದು. ಅದರಲ್ಲಿ ಠಾಣೆಯಿಂದ ದಿಕ್ಕು ಮತ್ತು ದೂರ ಎಂಬ ಒಂದು ಉಪಕಾಲಂ ಇದೆ: 'ಪೂರ್ವಕ್ಕೆ 2 ಕಿ.ಮೀ.' ಹೀಗೆ. ನೋಡಿದರೆ ಆಸೆಯಾಗುತ್ತದೆ, ಕೋನ ಮತ್ತು ದೂರ ಎರಡೂ ಸಿಕ್ಕವಲ್ಲ ಎಂದು. ಆದರೆ ಎಂಟು ದಿಕ್ಕಿನ ಲೆಕ್ಕದಲ್ಲಿ 'ಪೂರ್ವ' ಎಂದರೆ 45 ಡಿಗ್ರಿಯ ಬೀಸಣಿಗೆ. ಎರಡು ಕಿಲೋಮೀಟರ್ ದೂರದಲ್ಲಿ ಆ ಬೀಸಣಿಗೆಯ ಅಂಚು 1.57 ಕಿ.ಮೀ. ಅಗಲ. ಗಾಂಧಿ ಚೌಕದಿಂದ ಅಷ್ಟು ಅಗಲದ ಪಟ್ಟಿ ಎಳೆದರೆ ಎಷ್ಟು ಓಣಿ ಬರುತ್ತವೆ ಎಂದು ಯೋಚಿಸಿ. ಹಾಗಾಗಿ ಈ ಉಪಕಾಲಂ ಬಿಂದು ಇಡಲು ಉಪಯೋಗವಿಲ್ಲ, ಇಟ್ಟ ಬಿಂದು ಸರಿಯೋ ಎಂದು ತಾಳೆ ನೋಡಲು ಮಾತ್ರ ಚಲೋ.

ಇನ್ನು ವಿಳಾಸ. 'ಬಾರಾಕಮಾನ ಹತ್ತಿರ', 'ಶಹಾಪುರ ಅಗಸಿ ಹೊರಗೆ', 'ಅಥಣಿ ರಸ್ತೆಯ ಬದಿ'. ಅಗಸಿ ಒಂದು ಬಿಂದು, ಪರವಾಗಿಲ್ಲ. ಅಥಣಿ ರಸ್ತೆ ಕಿಲೋಮೀಟರ್‌ಗಟ್ಟಲೆ ಉದ್ದ, ಅದು ಬಿಂದುವೇ ಅಲ್ಲ. ಕ್ಯೂಜಿಐಎಸ್‌ನಲ್ಲಿ 'ಬ್ಯಾಚ್ ನಾಮಿನಾಟಿಮ್ ಜಿಯೊಕೋಡರ್' ಎಂಬ ಉಪಕರಣವಿದೆ, ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಮುಕ್ತ ನಕ್ಷೆಯಲ್ಲಿನ ಹೆಸರುಗಳನ್ನು ಹುಡುಕಿ ತಾನೇ ಬಿಂದು ಇಡುತ್ತದೆ. ಸೆಕೆಂಡಿಗೆ ಒಂದೇ ವಿಳಾಸ ಕೇಳಬೇಕೆಂಬ ನಿಯಮವಿದೆ, 200 ವಿಳಾಸಕ್ಕೆ ಮೂರೂವರೆ ನಿಮಿಷ. ವೇಗ ತೊಂದರೆಯಲ್ಲ. ಓಣಿಯ ಹೆಸರು ಸಿಗದಿದ್ದಾಗ ವಿಳಾಸದಲ್ಲಿ ಊರಿನ ಹೆಸರಷ್ಟೇ ಹೊಂದಿ ಬಂದರೆ ಬಿಂದು ಹೋಗಿ ಊರಿನ ನಡುಬಿಂದುವಿನಲ್ಲಿ ಕೂರುತ್ತದೆ. ಅಂಥ ಇಪ್ಪತ್ತು ಬಿಂದು ಒಂದೆಡೆ ಸೇರಿದರೆ, ಗುಂಡೇ ಹಾರದ ಒಂದು ಜಾಗ ಊರಿನ ಅತ್ಯಂತ ಅಪಾಯದ ತಾಣವಾಗಿ ಹೊಳೆಯತೊಡಗುತ್ತದೆ. ಜಿಯೊಕೋಡ್ ಮುಗಿದ ಕೂಡಲೇ ಅಕ್ಷಾಂಶದ ಕಾಲಂ ಮೇಲೆ ವಿಂಗಡಿಸಿ. ಒಂದೇ ಸಂಖ್ಯೆ ಮೂರಕ್ಕಿಂತ ಹೆಚ್ಚು ಸಲ ಬಂದರೆ ಆ ಸಾಲುಗಳನ್ನೆಲ್ಲ ಕೈಯಿಂದ ತಿದ್ದಿ.

ಕೈಯಿಂದಲೇ ಮಾಡುವ ದಾರಿ ನಿಧಾನ, ಆದರೆ ನಮ್ಮ ಊರುಗಳಿಗೆ ಅದೇ ಸರಿ. 150-200 ಗುರುತಿನ ಜಾಗಗಳ ಒಂದು ಪಟ್ಟಿ ಮೊದಲು ಮಾಡಿಕೊಳ್ಳಿ: ಅಗಸಿ, ಗುಡಿ, ದರ್ಗಾ, ಬಾವಡಿ, ಚೌಕ, ಸರ್ಕಲ್, ಶಾಲೆ, ಪೆಟ್ರೋಲ್ ಬಂಕ್. ಪ್ರತಿ ಜಾಗಕ್ಕೂ ಬರುವ ಬೇರೆಬೇರೆ ಬರಹರೂಪಗಳನ್ನು ಅದರಲ್ಲೇ ಬರೆದಿಡಿ. ಗೋಲಗುಂಬಜ, ಗೋಳಗುಮ್ಮಟ, ಗೋಲ್ ಗುಂಬಜ್ ಮೂರೂ ಒಂದೇ ಎಂದು ನಮಗೆ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಆಮೇಲೆ 'ಜಾಯಿನ್ ಆ್ಯಟ್ರಿಬ್ಯೂಟ್ಸ್ ಬೈ ಫೀಲ್ಡ್ ವ್ಯಾಲ್ಯೂ' ಹಚ್ಚಿದರೆ ಮುಂದಿನ ವರ್ಷವೂ ಅದೇ ಪಟ್ಟಿ ಉಪಯೋಗಕ್ಕೆ ಬರುತ್ತದೆ. ಹೊಲದಲ್ಲಿ ನಡೆದದ್ದಕ್ಕೆ ಎಫ್‌ಐಆರ್‌ನಲ್ಲಿ ಸರ್ವೆ ನಂಬರ್ ಇದ್ದರೆ ದಿಶಾಂಕ್ ಆ್ಯಪ್‌ನಲ್ಲಿ ಆ ಜಮೀನು ಹುಡುಕಿ ನಡುವಿಗೆ ಬಿಂದು ಇಡಬಹುದು. ಈ ಒಂದು ವಿಷಯದಲ್ಲಿ ಊರಿಗಿಂತ ಹೊಲದ ವಿಳಾಸವೇ ಹೆಚ್ಚು ನಿಖರ.

ನಿಖರತೆಯ ದರ್ಜೆ ತಪ್ಪದೆ ಹಾಕಿ. ನಿಂತ ಜಾಗ ಖಚಿತವಿದ್ದರೆ 1, ರಸ್ತೆತುಂಡು ಗೊತ್ತಿದ್ದರೆ 2, ಓಣಿ ಮಾತ್ರ ಗೊತ್ತಿದ್ದರೆ 3, ಠಾಣೆಯ ಹದ್ದಿ ಬಿಟ್ಟರೆ ಬೇರೇನೂ ಗೊತ್ತಿಲ್ಲದಿದ್ದರೆ 4. ಬಿಂದುವಿನ ನಕ್ಷೆಗೆ 1 ಮತ್ತು 2 ಮಾತ್ರ. 3 ವಾರ್ಡಿನ ಎಣಿಕೆಗೆ ನಡೆಯುತ್ತದೆ. 4 ಕೋಷ್ಟಕದಲ್ಲೇ ಇರಲಿ.

ಅಕ್ಷಾಂಶ ರೇಖಾಂಶ ಅದಲುಬದಲಾಗುವುದು ತೀರ ಸಾಮಾನ್ಯ. ಗೂಗಲ್ ನಕ್ಷೆಯಿಂದ ನಕಲು ಮಾಡಿದರೆ ಮೊದಲು ಅಕ್ಷಾಂಶ ಬರುತ್ತದೆ (16.83), ಆಮೇಲೆ ರೇಖಾಂಶ (75.72). ಕ್ಯೂಜಿಐಎಸ್ ಮೊದಲು ಎಕ್ಸ್ ಕೇಳುತ್ತದೆ, ಅದು ರೇಖಾಂಶ. ತಿರುವಿ ಕೊಟ್ಟರೆ ವಿಜಯಪುರದ ಘಟನೆಗಳೆಲ್ಲ ನಾರ್ವೆಗೂ ಉತ್ತರದ ಹಿಮಸಮುದ್ರದಲ್ಲಿ ತೇಲುತ್ತವೆ. ಇದಾದರೂ ಕಣ್ಣಿಗೆ ಬೀಳುವ ತಪ್ಪು. ದಶಮಾಂಶದ ನಂತರ ಎರಡೇ ಅಂಕಿ ಬರೆಯುವ ತಪ್ಪು ಕಣ್ಣಿಗೆ ಬೀಳುವುದಿಲ್ಲ: ಎರಡು ಅಂಕಿ ಎಂದರೆ ಒಂದು ಕಿಲೋಮೀಟರಿನ ಆಸುಪಾಸು, ನಾಲ್ಕು ಎಂದರೆ 11 ಮೀಟರ್, ಐದು ಎಂದರೆ ಒಂದು ಮೀಟರ್. ಐದು ಬರೆಯಿರಿ.

ಗಾಯಾಳುವನ್ನು ಸೊಲ್ಲಾಪುರಕ್ಕೋ ಮಿರಜಿಗೋ ಒಯ್ದಿದ್ದರೆ ಮೊದಲ ದಾಖಲೆ ಅಲ್ಲಿನ ಆಸ್ಪತ್ರೆಯ ಎಂಎಲ್‌ಸಿ (ವೈದ್ಯಕೀಯ-ಕಾನೂನು ಪ್ರಕರಣದ ನಮೂದು) ಆಗಿರುತ್ತದೆ. ಆ ಜಾಗವನ್ನು ಕೃತ್ಯದ ಜಾಗ ಎಂದು ಹಿಡಿಯಬೇಡಿ. ಆಸ್ಪತ್ರೆಯ ದಾಖಲೆ ಉಪಯೋಗವಿಲ್ಲ ಎಂದಲ್ಲ. ಬ್ರಿಟನ್ನಿನ ಕಾರ್ಡಿಫ್‌ನಲ್ಲಿ ಶಸ್ತ್ರವೈದ್ಯ ಜೊನಾಥನ್ ಶೆಫರ್ಡ್ ಶುರುಮಾಡಿದ ಪದ್ಧತಿಯಲ್ಲಿ ತುರ್ತು ವಿಭಾಗದ ಸಿಬ್ಬಂದಿಯೇ ಗಾಯಾಳುವನ್ನು 'ಎಲ್ಲಿ ಆಯಿತು, ಯಾವುದರಿಂದ ಆಯಿತು' ಎಂದು ಕೇಳಿ ಬರೆದುಕೊಂಡು, ಹೆಸರು ತೆಗೆದು ಪೊಲೀಸರಿಗೆ ಕೊಡುತ್ತಾರೆ. ಠಾಣೆಯ ಮೆಟ್ಟಿಲೇರದ ಹಲ್ಲೆಗಳು ಎಷ್ಟೋ ಅದರಿಂದ ನಕ್ಷೆಗೆ ಬಂದವು.

ವಾರ್ಡಿನ ಗಡಿ ಮತ್ತು ಅಳತೆ

ವಿಜಯಪುರ ಮಹಾನಗರ ಪಾಲಿಕೆಗೆ 35 ವಾರ್ಡು, ಬೆಳಗಾವಿಗೆ 58. ಗಡಿ ಡಿಜಿಟಲ್ ರೂಪದಲ್ಲಿ ಸಿಗದಿದ್ದರೆ ಪಾಲಿಕೆಯ ಪಿಡಿಎಫ್ ನಕ್ಷೆಯನ್ನು 'ಜಿಯೊರೆಫರೆನ್ಸರ್'ನಲ್ಲಿ ತೆರೆದು ನೆಲಕ್ಕೆ ಕೂರಿಸಬೇಕು. ಕನಿಷ್ಠ ಮೂರು ಗುರುತು ಸಾಕು ಎನ್ನುತ್ತದೆ 'ಪಾಲಿನೋಮಿಯಲ್ 1'. ಎಂಟು ಹತ್ತು ಕೊಡಿ, ಊರಿನ ನಾಲ್ಕೂ ಮೂಲೆಗೆ ಹಂಚಿ ಕೊಡಿ. ಎಲ್ಲವನ್ನೂ ನಡುಪೇಟೆಯಲ್ಲೇ ಕೊಟ್ಟರೆ ಅಂಚಿನ ವಾರ್ಡುಗಳು ಓಡಿಹೋಗುತ್ತವೆ. ಗುರುತಿಗೆ ಗೋಳಗುಮ್ಮಟದ ನಾಲ್ಕು ಮೂಲೆಯ ಗೋಪುರಗಳಷ್ಟು ಚಲೋ ಜಾಗ ಇನ್ನೊಂದಿಲ್ಲ, ಉಪಗ್ರಹ ಚಿತ್ರದಲ್ಲಿ ಚೌಕಾಕಾರ ಸ್ಪಷ್ಟ ಕಾಣುತ್ತದೆ. ಕೂರಿಸಿಯಾದ ಮೇಲೆ ಅದರ ಗೋಡೆಯ ಒಂದು ಬದಿ ಅಳೆದು ನೋಡಿ. ಸುಮಾರು 47 ಮೀಟರ್ ಬರಬೇಕು. 60 ಬಂದರೆ ಗುರುತುಗಳಲ್ಲಿ ಎಲ್ಲೋ ತಪ್ಪಿದೆ.

ಅಳತೆಯ ಕೆಲಸ ಶುರುವಾಗುವ ಮುನ್ನ ಎಲ್ಲ ಲೇಯರನ್ನೂ ಇಪಿಎಸ್‌ಜಿ 32643ಕ್ಕೆ 'ರೀಪ್ರೊಜೆಕ್ಟ್' ಮಾಡಿ. ಇದು ಯುಟಿಎಂ (ಭೂಮಿಯನ್ನು ಪಟ್ಟಿಗಳಾಗಿ ಹಂಚಿ ಮೀಟರಿನಲ್ಲಿ ಅಳೆಯುವ ಪದ್ಧತಿ) 43 ಉತ್ತರ ವಲಯ, 72ರಿಂದ 78 ಡಿಗ್ರಿ ರೇಖಾಂಶದ್ದು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಇದರೊಳಗೆ ಬರುತ್ತವೆ, ಲೆಕ್ಕ ಮೀಟರಿನಲ್ಲಿ ಸಿಗುತ್ತದೆ. ಉಳಿಸುವುದು ಜಿಯೊಪ್ಯಾಕೇಜ್ ರೂಪದಲ್ಲೇ ಇರಲಿ. ಶೇಪ್‌ಫೈಲ್ ಎಂಬ ಇನ್ನೊಂದು ರೂಪ ಕಾಲಂ ಹೆಸರನ್ನು ಹತ್ತು ಅಕ್ಷರಕ್ಕೆ ಕತ್ತರಿಸುತ್ತದೆ, ಕನ್ನಡವನ್ನೂ ಆಗಾಗ ಕೆಡಿಸುತ್ತದೆ.

ಹೀಟ್‌ಮ್ಯಾಪ್ ಎಂಬ ಬಣ್ಣದಾಟ

ಹೀಟ್‌ಮ್ಯಾಪ್ ಮಾಡಲು ಎರಡು ದಾರಿ. ಸಿಂಬಾಲಜಿಯಲ್ಲಿ 'ಹೀಟ್‌ಮ್ಯಾಪ್' ಆರಿಸುವುದು ಎರಡು ಕ್ಲಿಕ್ಕಿನ ಕೆಲಸ. ಅದರ ತ್ರಿಜ್ಯ ಮೊದಲಿಗೆ ಮಿಲಿಮೀಟರಿನಲ್ಲಿ ಇರುತ್ತದೆ, ಅಂದರೆ ಪರದೆಯ ಮೇಲಿನ ಮಿಲಿಮೀಟರ್. ಹಿಂದಕ್ಕೆ ಸರಿದು ಇಡೀ ಊರು ನೋಡಿದರೆ ಬಿಂದುಗಳೆಲ್ಲ ಕೂಡಿ ಒಂದು ದೊಡ್ಡ ಉರಿ. ಹತ್ತಿರ ಹೋದರೆ ಅದೇ ಬಿಂದುಗಳು ಬಿಡಿಬಿಡಿ ಕಿಡಿ. ದತ್ತಾಂಶ ಬದಲಾಗಿಲ್ಲ, ಬದಲಾದದ್ದು ಜೂಮ್. 'ಮೀಟರ್ಸ್ ಅಟ್ ಸ್ಕೇಲ್'ಗೆ ಬದಲಿಸಿ 300 ಎಂದು ಕೊಟ್ಟರೆ ಇದು ನಿಲ್ಲುತ್ತದೆ.

ಅದರ ಕೆಳಗೇ ಇರುವ 'ಮ್ಯಾಕ್ಸಿಮಮ್ ವ್ಯಾಲ್ಯೂ: ಆಟೋಮ್ಯಾಟಿಕ್' ನಿಜವಾದ ಕಿತಾಪತಿ. ಪರದೆಯಲ್ಲಿ ಕಾಣುವಷ್ಟರಲ್ಲಿ ಯಾವ ಜಾಗ ಹೆಚ್ಚೋ ಅದಕ್ಕೆ ಕಡುಗೆಂಪು ಕೊಡು ಎಂದು ಅದರರ್ಥ. ಹೆಚ್ಚು ಎಂದರೆ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ನೂರಾರು ಇರಬಹುದು, ನಮ್ಮಲ್ಲಿ ಐದು ವರ್ಷಕ್ಕೆ ಎರಡೇ ಇರಬಹುದು. ಎರಡಕ್ಕೂ ಕಡುಗೆಂಪು. 2023ರ ನಕ್ಷೆ, 2024ರ ನಕ್ಷೆ ಪಕ್ಕಪಕ್ಕ ಇಟ್ಟರೂ ಎರಡರಲ್ಲೂ ಅಷ್ಟೇ ಕೆಂಪು, ಘಟನೆ ಅರ್ಧಕ್ಕೆ ಇಳಿದಿದ್ದರೂ. ಹೋಲಿಸಬೇಕಿದ್ದರೆ ಅಲ್ಲಿ ಒಂದು ಸಂಖ್ಯೆ ನೀವೇ ಬರೆದು ಎಲ್ಲ ವರ್ಷಕ್ಕೂ ಅದನ್ನೇ ಇಡಿ. ಇದನ್ನು ತಂತ್ರಾಂಶ ಮಾಡಿದವರು ಎಚ್ಚರಿಕೆಯಾಗಿ ಎಲ್ಲಾದರೂ ಒಂದು ಸಾಲು ತೋರಿಸಬೇಕಿತ್ತು.

ಎರಡನೇ ದಾರಿ ಪ್ರೊಸೆಸಿಂಗ್ ಟೂಲ್‌ಬಾಕ್ಸಿನ 'ಹೀಟ್‌ಮ್ಯಾಪ್ (ಕರ್ನೆಲ್ ಡೆನ್ಸಿಟಿ ಎಸ್ಟಿಮೇಶನ್)'. ಲೆಕ್ಕದ ಕೆಲಸಕ್ಕೆ ಇದೇ ಬೇಕು. ತ್ರಿಜ್ಯ 300, ಪಿಕ್ಸೆಲ್ 20, ಕರ್ನೆಲ್ (ದೂರ ಹೋದಂತೆ ಘಟನೆಯ ತೂಕ ಇಳಿಸುವ ಸೂತ್ರ) 'ಕ್ವಾರ್ಟಿಕ್', ಫಲಿತಾಂಶ 'ರಾ'. ಪಿಕ್ಸೆಲ್ ಅಳತೆ ಮೊದಲಿಗೆ 0.1 ಎಂದಿರುತ್ತದೆ, ಅದನ್ನು ಹಾಗೇ ಬಿಟ್ಟು ಒತ್ತಿದರೆ 10 ಕಿ.ಮೀ. ಚೌಕದ ಊರಿಗೆ ಸಾವಿರ ಕೋಟಿ ಚೌಕಗಳನ್ನು ಲೆಕ್ಕ ಹಾಕಲು ಕೂರುತ್ತದೆ, ಸುಮಾರು 40 ಜಿಬಿ. ಯಂತ್ರ ಮಂಕು ಬಡಿದಂತೆ ನಿಲ್ಲುವುದು ಇದಕ್ಕೇ. ಡಿಗ್ರಿಯ ಲೇಯರಿಗೆ ತ್ರಿಜ್ಯ 100 ಎಂದು ಬಿಟ್ಟರೆ ಅದು 100 ಡಿಗ್ರಿ, ಊರೇನು, ಖಂಡವೇ ಒಂದು ಬಣ್ಣ.

'ರಾ' ಆರಿಸಿದರೆ ಸಂಖ್ಯೆಗೆ ಅರ್ಥವಿರುತ್ತದೆ. ಕ್ವಾರ್ಟಿಕ್ ಲೆಕ್ಕದಲ್ಲಿ ಘಟನೆಯ ಜಾಗದಲ್ಲೇ ಅದರ ತೂಕ 1. 150 ಮೀಟರ್ ಆಚೆ 0.56, 300ಕ್ಕೆ ಸೊನ್ನೆ. ಹಾಗಾಗಿ ಒಂದು ಚೌಕದ ಮೇಲೆ ಕ್ಲಿಕ್ ಮಾಡಿದಾಗ 2.1 ಬಂದರೆ, ಸುತ್ತಲಿನ ಮೂರ್ನಾಲ್ಕು ಘಟನೆ ಸೇರಿ ಆ ತೂಕ ಬಂದಿದೆ ಎಂದು ಅಂದಾಜಿಸಬಹುದು. 2ಕ್ಕಿಂತ ಕಡಿಮೆ ಇರುವುದನ್ನೆಲ್ಲ ಪಾರದರ್ಶಕ ಮಾಡಿ. ಒಂಟಿ ಘಟನೆಯೊಂದು ಬಣ್ಣದ ಹೊಂಡವಾಗಿ ಕಾಣುವುದು ಆಗ ತಪ್ಪುತ್ತದೆ. ಒಟ್ಟು ಬಿಂದು 30 ಮುಟ್ಟದಿದ್ದರೆ ಹೀಟ್‌ಮ್ಯಾಪ್ ಕೈಬಿಟ್ಟು ಬರೀ ಚುಕ್ಕಿ ಇಡುವುದೇ ಲೇಸು. ಇದು ನಿಯಮವಲ್ಲ, ಪದೇಪದೇ ಮಾಡಿ ಬಂದ ಅಂದಾಜು.

ವಾರ್ಡೋ, ಷಟ್ಕೋನವೋ

'ಕೌಂಟ್ ಪಾಯಿಂಟ್ಸ್ ಇನ್ ಪಾಲಿಗಾನ್' ಒತ್ತಿದರೆ ವಾರ್ಡುವಾರು ಎಣಿಕೆ ಸಿದ್ಧ. ಮರುಕ್ಷಣ ಜನಸಂಖ್ಯೆಯಿಂದ ಭಾಗಿಸುವ ಆಸೆ ಹುಟ್ಟುತ್ತದೆ. ದೊಡ್ಡ ನಗರಕ್ಕೆ ಅದು ಬೇಕೇಬೇಕು: 2020ರ ಜನಗಣತಿಯಂತೆ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ 27.36 ಲಕ್ಷ ಜನ, ಸ್ಟೇಟನ್ ಐಲ್ಯಾಂಡಿನಲ್ಲಿ 4.96 ಲಕ್ಷ; ಬರೀ ಎಣಿಕೆ ಹೋಲಿಸುವುದು ಅನ್ಯಾಯ. ನಮ್ಮಲ್ಲಿ ಲೆಕ್ಕ ತಿರುಗಿ ಹೊಡೆಯುತ್ತದೆ. ವಿಜಯಪುರ ನಗರದಲ್ಲಿ 2011ರಲ್ಲಿ ಸುಮಾರು 3.27 ಲಕ್ಷ ಜನ, 35ರಿಂದ ಭಾಗಿಸಿದರೆ ವಾರ್ಡಿಗೆ ಸರಾಸರಿ 9,300. ವರ್ಷಕ್ಕೆ ಒಂದು ಘಟನೆಯಾದರೆ ಲಕ್ಷಕ್ಕೆ ಸುಮಾರು 10.7, ಎರಡಾದರೆ 21.4. ಒಂದೇ ಒಂದು ಜಗಳ ವಾರ್ಡನ್ನು ಸೊನ್ನೆಯಿಂದ ಎತ್ತಿ ಪಟ್ಟಿಯ ಮೇಲ್ತುದಿಗೆ ಇಡುತ್ತದೆ. ಐದು ವರ್ಷದ ಘಟನೆ ಒಟ್ಟುಗೂಡಿಸಿ, ದರ ಬಿಟ್ಟು ಎಣಿಕೆಯನ್ನೇ ಬರೆಯಿರಿ. ಹೋಗಲಿ ಎಂದರೆ, ಮಾರುಕಟ್ಟೆ ವಾರ್ಡುಗಳಲ್ಲಿ ರಾತ್ರಿ ಮಲಗುವವರು ಕಡಿಮೆ, ಹಗಲು ಓಡಾಡುವವರು ಹತ್ತು ಪಟ್ಟು. ಅಲ್ಲಿ ಯಾವ ಜನಸಂಖ್ಯೆಯಿಂದ ಭಾಗಿಸುತ್ತೀರಿ?

ವಾರ್ಡಿನ ಇನ್ನೊಂದು ತೊಡಕು ಗಡಿ. ಗಡಿ ಬಹುತೇಕ ರಸ್ತೆಯ ನಡುಗೆರೆಯಲ್ಲೇ ಹೋಗುತ್ತದೆ, ಗುಂಡು ಹಾರುವುದೂ ರಸ್ತೆಯಲ್ಲೇ. ಎರಡು ಮೀಟರ್ ಅತ್ತಿತ್ತ ಆದರೆ ಘಟನೆ ಬೇರೆ ವಾರ್ಡಿನ ಪಾಲು. ಬಾಸ್ಟನ್‌ನ 1980ರಿಂದ 2008ರವರೆಗಿನ ದಾಖಲೆ ಜಾಲಾಡಿದ ಸಂಶೋಧಕರಿಗೆ ಕಂಡದ್ದೂ ಇದೇ ಬಗೆಯದು: ಗುಂಡಿನ ದಾಳಿ ಇಡೀ ಬಡಾವಣೆಗೆ ಹರಡಿರುವುದಿಲ್ಲ, ಬೆರಳೆಣಿಕೆಯ ರಸ್ತೆತುಂಡು ಮತ್ತು ಕೂಡುರಸ್ತೆಗಳಲ್ಲಿ ವರ್ಷಾನುಗಟ್ಟಲೆ ನೆಲೆಯೂರಿರುತ್ತದೆ. ಆದ್ದರಿಂದ 'ಕ್ರಿಯೇಟ್ ಗ್ರಿಡ್' ತೆರೆದು ಷಟ್ಕೋನ ಆರಿಸಿ, ಲಂಬ ಅಂತರ 500 ಮೀಟರ್ ಕೊಡಿ. ಒಂದೊಂದು ಷಟ್ಕೋನ ಸುಮಾರು 53 ಎಕರೆ, ಹಳೇ ಊರಿನ ಒಂದೆರಡು ಗಲ್ಲಿಗಳಷ್ಟು. ಗಡಿಯ ಜಗಳವೂ ಇಲ್ಲ, ಯಾರ ವಾರ್ಡೆಂಬ ರಾಜಕೀಯವೂ ಇಲ್ಲ, ಯಾರ ಮನೆಯೂ ಗುರುತಾಗುವುದಿಲ್ಲ. ಹೊರಗೆ ಹಂಚುವ ನಕ್ಷೆ ಇದೇ ಇರಲಿ, ಬಿಂದುವಿನದು ನಿಮ್ಮ ಕಂಪ್ಯೂಟರಿನಲ್ಲೇ ಇರಲಿ.

ಬಿಂದುಗಳು ಆಕಸ್ಮಿಕವಾಗಿ ಗುಂಪಾದವೋ ನಿಜಕ್ಕೂ ಗುಂಪಿವೆಯೋ ಎಂದು ಪರೀಕ್ಷಿಸಲು ಕ್ಯೂಜಿಐಎಸ್‌ನ ಪ್ಲಗಿನ್‌ಗಳ ಬೆನ್ನು ಹತ್ತಬೇಡಿ, ಅವಕ್ಕೆ ಬೇಕಾದ ಪೈಥಾನ್ ಭಾಗಗಳನ್ನು ಕೂರಿಸುವಷ್ಟರಲ್ಲಿ ದಿನ ಮುಗಿಯುತ್ತದೆ. ಅದೇ ಜಿಯೊಪ್ಯಾಕೇಜನ್ನು ಜಿಯೊಡಾದಲ್ಲಿ ತೆರೆಯಿರಿ. ಅದೂ ಪುಕ್ಕಟೆ, ಗುಂಪನ್ನು ಪರೀಕ್ಷಿಸುವ ಲೋಕಲ್ ಮೊರಾನ್ ಮತ್ತು ಗೆಟಿಸ್-ಆರ್ಡ್ ಎಂಬ ಲೆಕ್ಕ ಎರಡೂ ಇವೆ, ಎಣಿಕೆಗಳನ್ನು 999 ಸಲ ಕಲಸಿ ನೋಡಿ ಫಲಿತಾಂಶ ಕೊಡುತ್ತದೆ. ಆರ್ಕ್‌ಜಿಐಎಸ್ ಪ್ರೊದಲ್ಲಿ ಅಪರಾಧ ವಿಶ್ಲೇಷಣೆಗೆಂದೇ ಉಪಕರಣಗಳಿವೆ, ಹಣ ಕೊಡುವ ಸಂಸ್ಥೆಯಿದ್ದರೆ ನೋಡಬಹುದು. ಗೂಗಲ್ ಮೈ ಮ್ಯಾಪ್ಸ್ ಚುಕ್ಕಿ ಇಡಲು ಸಾಕು. ಲೇಯರಿಗೆ 2,000 ಸಾಲಿನ ಮಿತಿ ನಮ್ಮ ಊರಿಗೆ ಅಡ್ಡಿಯೇನಲ್ಲ, ಆದರೆ ಎಣಿಕೆ, ಷಟ್ಕೋನ ಏನೂ ಇಲ್ಲ. ಅಮೆರಿಕದ ಊರುಗಳಲ್ಲಿ ಗುಂಡಿನ ಸದ್ದನ್ನೇ ಹಿಡಿದು ಜಾಗ ಗುರುತಿಸುವ ಮೈಕ್‌ಗಳಿವೆ, ಷಿಕಾಗೊ 2024ರ ಸೆಪ್ಟೆಂಬರಿನಲ್ಲಿ ಅದನ್ನು ನಿಲ್ಲಿಸಿತು. ದೀಪಾವಳಿಯ ರಾತ್ರಿ ನಮ್ಮ ಸ್ಟೇಷನ್ ರಸ್ತೆಯಲ್ಲಿ ಅಂಥದ್ದು ಏನು ದಾಖಲಿಸುತ್ತಿತ್ತೋ.

ಕನ್ನಡದಲ್ಲಿ ಹೊರತರುವಾಗ

ಲೇಬಲ್‌ಗೆ ನೋಟೊ ಸ್ಯಾನ್ಸ್ ಕನ್ನಡ ಫಾಂಟು, ಅಕ್ಷರದ ಸುತ್ತ 1 ಮಿ.ಮೀ. ಬಿಳಿ ಅಂಚು (ಬಫರ್). ರಸ್ತೆಯ ಹೆಸರಿಗೆ 'ಕರ್ವ್ಡ್' ಆರಿಸಬೇಡಿ. ಹಳೇ ಆವೃತ್ತಿಗಳಲ್ಲಿ ಅದು ಅಕ್ಷರ ಅಕ್ಷರ ಬಿಡಿಸಿ ಬಾಗಿಸುವಾಗ 'ಸೊಲ್ಲಾಪುರ'ದ ಒತ್ತಕ್ಷರ ಬೇರೆ, ಮೂಲ ಅಕ್ಷರ ಬೇರೆ ಆಗುತ್ತದೆ. 'ಪ್ಯಾರಲಲ್' ಸಾಕು. ಪಿಡಿಎಫ್ ತೆಗೆಯುವಾಗ ಅಕ್ಷರಗಳನ್ನು 'ಪಾಥ್' (ಗೆರೆಯ ಚಿತ್ರ) ಆಗಿ ಹೊರತರುವ ಆಯ್ಕೆಯನ್ನೇ ಇಟ್ಟುಕೊಳ್ಳಿ, ಇಲ್ಲವಾದರೆ ಝೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಆ ಫಾಂಟ್ ಇರದೆ ಕೊಂಬು ದೀರ್ಘಗಳು ಜಾಗ ಬಿಟ್ಟು ಕೂರುತ್ತವೆ. ಎ3 ಹಾಳೆಗೆ 1:15,000 ಪ್ರಮಾಣ ಹಾಕಿದರೆ 6.3 ಕಿ.ಮೀ. ಅಗಲ, 4.5 ಕಿ.ಮೀ. ಎತ್ತರ ಹಿಡಿಯುತ್ತದೆ, ಕೋಟೆಗೋಡೆಯೊಳಗಿನ ಹಳೇ ಊರು ಒಳಗೆ ಬರುತ್ತದೆ, ಹೊಸ ಬಡಾವಣೆಗಳು ಹೊರಗೆ ಉಳಿಯುತ್ತವೆ. ಅವಕ್ಕೆ ಎರಡನೇ ಹಾಳೆ ಮಾಡಿ, ಪ್ರಮಾಣ ಮಾತ್ರ ಅದೇ ಇರಲಿ. ಮೂಲೆಯಲ್ಲಿ ಇಷ್ಟು ಬರೆದಿರಲಿ: ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಒಟ್ಟು ಎಷ್ಟು ಘಟನೆ, ಜಾಗ ಸಿಗದೆ ಬಿಟ್ಟವು ಎಷ್ಟು.